ಮುಕ್ತಾಯದ ಗೆರೆ ಇಲ್ಲದ ಸುತ್ತು

ನಳದ ನೀರು ಬಂದ ಮುಂಜಾನೆ ಗದಗಿನ ಯಾವ ಮನೆಯಲ್ಲೂ ಬೇರೆ ಮಾತಿಗೆ ಪುರುಸೊತ್ತು ಇರುವುದಿಲ್ಲ. ಊರಿಗೆ ಚಾಲಕರಿಲ್ಲದ ಬಂಡಿಗಳು ಬಂದವು, ಸುತ್ತಲಿನ ಗುಡ್ಡಗಳ ಮೇಲೆಲ್ಲ ಗಾಳಿಯಂತ್ರಗಳು ಬಂದವು. ನೀರು ಮಾತ್ರ ಅಜ್ಜಿಯ ಕಾಲದಲ್ಲಿ ಬರುತ್ತಿದ್ದಂತೆಯೇ, ತನಗೆ ಮನಸ್ಸಾದ ದಿನ, ಮನಸ್ಸಾದಷ್ಟು ಹೊತ್ತು ಬರುತ್ತಿತ್ತು. ನೀಲಗಂಗಾ ಮಗಳನ್ನು ಶಾಲೆಯ ಬಂಡಿಗೆ ಹತ್ತಿಸಿ ಬಂದವಳೇ ಸೆರಗು ಸಿಕ್ಕಿಸಿ ಪೈಪು ಹಿಡಿದಿದ್ದಳು. ಹಿತ್ತಲ ಡ್ರಮ್ಮು ತುಂಬಿತ್ತು, ಬಚ್ಚಲ ಹಂಡೆ ತುಂಬಿತ್ತು. ಕುಡಿಯುವ ಕೊಡಗಳಿಗೆ ಬಟ್ಟೆ ಕಟ್ಟಿ ಸೋಸಿ ಹಿಡಿಯುವುದಷ್ಟೇ ಬಾಕಿ. ಆಷಾಢದ ಗಾಳಿ ಆ ಬಟ್ಟೆಯನ್ನು ಮತ್ತೆ ಮತ್ತೆ ಕಿತ್ತುಕೊಂಡು ಹೋಗುತ್ತಿತ್ತು. ಅಷ್ಟರಲ್ಲಿ ಕಟ್ಟೆಯ ಮೇಲಿದ್ದ ಫೋನು ಬಡಿದುಕೊಳ್ಳತೊಡಗಿತು.

“ನೀಲಕ್ಕಾ, ಪಾರಿ ಇವತ್ತ ಶಾಲಿಗೆ ಹೋಗ್ಯಾಳೇನು?”

ದಾರಿಮನೆಯ ಇಂಜಿನಿಯರ್ ಶಬನಮ್ ಇನಾಂದಾರರ ದನಿ. ಊರಿನ ಬಂಡಿಗಳನ್ನೆಲ್ಲ ಕಾಯುವ ಕಟ್ಟಡಕ್ಕೆ ಸರ್ಕಾರಿ ಹೆಸರು ಉದ್ದವಾಗಿತ್ತು. ಜನ ದಾರಿಮನೆ ಎಂದೇ ಕರೆಯುತ್ತಿದ್ದರು. ನೀಲಗಂಗಾಳ ಕೆಲಸವೂ ಅಲ್ಲೇ. ಬಂಡಿಯೊಳಗೆ ಯಾರಾದರೂ ಸಹಾಯದ ಗುಂಡಿ ಒತ್ತಿದರೆ ಉತ್ತರಿಸುವ ದನಿ ಅವಳದು.

“ಹೋದ್ಳಲ್ರಿ ಮೇಡಂ, ಈಗ ಹತ್ತಿಸಿ ಬಂದೆ. ಯಾಕ್ರಿ?”

“ನೀವು ಸ್ವಲ್ಪ ಇಲ್ಲಿಗೆ ಬರ್ರಿ.”

“ನಂದು ಮಧ್ಯಾಹ್ನದ ಪಾಳಿ ಅಲ್ರಿ?”

“ಪಾಳಿಗಲ್ಲ. ಬರ್ರಿ.”

“ಏನಾಗೇತಿ ಹೇಳ್ರಿ ಮೊದಲ.”

“ಯಾರಿಗೂ ಏನೂ ಆಗಿಲ್ಲ. ಬಂಡಿ ಶಾಲಿ ಮುಂದ ನಿಂದರ್ಲಿಲ್ಲ. ಹಂಗ ಮುಂದ ಹೋತು. ಅಷ್ಟ.”

ನೀಲಗಂಗಾ ಪೈಪನ್ನು ಕೊಡದಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿದಳು. “ಏ ನೀಲವ್ವಾ, ನೀರ ಹರದ ಹೊಂಟೈತಿ ನೋಡವಾ!” ಎಂದು ಪಕ್ಕದ ಮನೆಯಾಕೆ ಕೂಗಿದ್ದು ಅವಳಿಗೆ ಬೇರೆ ಯಾರಿಗೋ ಕೂಗಿದಂತೆ ಕೇಳಿಸಿತು. ಬೀದಿಯ ತುದಿಯಲ್ಲಿ ಒಂದು ಆಟೋ ಕೈಗೆ ಸಿಕ್ಕಿತು. ಅದರಲ್ಲೂ ಚಾಲಕನಿಲ್ಲ, ಅದನ್ನು ನಡೆಸುವುದೂ ಶಾಲೆಯ ಬಂಡಿಯನ್ನು ಓಡಿಸುವ ಅದೇ ಯಂತ್ರದ ಬುದ್ಧಿ ಎಂಬುದು ಕುಳಿತು ಬಾಗಿಲು ಮುಚ್ಚಿಕೊಂಡ ಮೇಲೆ ಹೊಳೆಯಿತು. ದಾರಿಯುದ್ದಕ್ಕೂ ಅವಳು ಬಾಗಿಲ ಹಿಡಿಕೆಯನ್ನು ಹಿಡಿದೇ ಕುಳಿತಿದ್ದಳು.

ಆಟೋ ದಾರಿಮನೆಯ ಮುಂದೆ ಸರಿಯಾಗಿ ನಿಂತಿತು. ಬಾಗಿಲು ತೆರೆದು, “ನಿಮ್ಮ ದಿನ ಚೆನ್ನಾಗಿರಲಿ” ಎಂದಿತು.

*

ದಾರಿಮನೆಯ ದೊಡ್ಡ ಗಾಜಿನ ಕಿಟಕಿ ಹೊಸ ವರ್ತುಲ ರಸ್ತೆಗೆ ಮುಖ ಮಾಡಿದೆ. ಊರನ್ನು ಬಳಸಿಕೊಂಡು ಹೋಗುವ ಆ ರಸ್ತೆ ತೆರೆದು ಇನ್ನೂ ಹದಿನೈದು ದಿನವಾಗಿರಲಿಲ್ಲ. ನೀಲಗಂಗಾ ಒಳಗೆ ಕಾಲಿಟ್ಟಾಗ ಎಲ್ಲರೂ ಕಿಟಕಿಯ ಬಳಿ ನಿಂತಿದ್ದರು. ಅವಳನ್ನು ಕಂಡು ಜಾಗ ಬಿಟ್ಟರು. ಅವಳು ಗಾಜಿಗೆ ಹಣೆ ಹಚ್ಚಿ ನೋಡಿದಳು.

ಬಿಳಿಯ ಪುಟ್ಟ ಬಂಡಿ ತಿರುವಿನಲ್ಲಿ ಕಾಣಿಸಿ, ಕಿಟಕಿಯ ಮುಂದೆ ಹಾದು, ಗಾಳಿಯಂತ್ರಗಳ ಸಾಲಿನತ್ತ ಹೊರಟುಹೋಯಿತು. ಕೆಟ್ಟು ಹೋದ ಬಂಡಿಯ ಹಾಗೆ ತೂರಾಡುತ್ತಿರಲಿಲ್ಲ. ತಿರುವಿನಲ್ಲಿ ಎಷ್ಟು ಬಳುಕಬೇಕೋ ಅಷ್ಟೇ ಬಳುಕಿ, ರಸ್ತೆಯ ಒಳಅಂಚನ್ನು ಸವರಿಕೊಂಡು, ಚಂದವಾಗಿ ಓಡುತ್ತಿತ್ತು. ಹಿಂದಿನ ಗಾಜಿಗೆ ಒಂದು ಸಣ್ಣ ಅಂಗೈ ಒತ್ತಿಕೊಂಡಿತ್ತು.

“ಇದು ಮೂರನೇ ಸುತ್ತು,” ಎಂದರು ಇನಾಂದಾರ್ ಮೇಡಂ.

“ನಿಂದರಸ್ರಿ ಮತ್ತ!”

“ಇಲ್ಲಿಂದ ನಿಂದರಸಾಕ ಬರೂದಿಲ್ಲ ನೀಲಕ್ಕಾ. ನಿಮಗ ಗೊತ್ತೈತಿ.”

ಅವಳಿಗೆ ಗೊತ್ತಿತ್ತು. ಹಿಂದೊಮ್ಮೆ ದೂರದಿಂದ ಬಂಡಿಯೊಂದನ್ನು ನಿಲ್ಲಿಸಿದಾಗ ಅದು ಹೆದ್ದಾರಿಯ ನಡುವೆಯೇ ನಿಂತು, ಹಿಂದಿನ ಲಾರಿ ಬಂದು ಗುದ್ದಿತ್ತು. ಅಂದಿನಿಂದ ದೂರದ ಆಜ್ಞೆಯನ್ನೇ ಕಿತ್ತುಹಾಕಿದ್ದರು. ಬಂಡಿ ಎಲ್ಲಿ, ಯಾವಾಗ ನಿಲ್ಲಬೇಕೆಂಬುದು ಬಂಡಿಗೇ ಬಿಟ್ಟದ್ದು. ಎಳೆದರೆ ಬಂಡಿ ನಿಲ್ಲುವ ಒಳಗಿನ ಕೆಂಪು ಹಿಡಿಕೆಯೂ ಶಾಲೆಯ ಬಂಡಿಗಳಲ್ಲಿ ಇರಲಿಲ್ಲ. ಹುಡುಗರು ಆಟಕ್ಕೆ ಎಳೆಯುತ್ತಾರೆಂದು ಪಾಲಕರೇ ಸಭೆ ಸೇರಿ ತೆಗೆಸಿದ್ದರು.

ಬಂಡಿಯ ಬುದ್ಧಿ ಪ್ರತಿ ಕ್ಷಣವೂ ತಾನು ಕಲಿತ ಯಾವ ಪಾಠವನ್ನು ನೆನೆದು ಓಡುತ್ತಿದೆ ಎಂಬುದನ್ನು ತೋರಿಸುವ ಪರದೆ ಒಂದಿತ್ತು. ಸಂತೆಯ ಬೀದಿಯಲ್ಲಿದ್ದಾಗ ಸಂತೆಯ ಪಾಠದ ಹೆಸರು, ಮಳೆಯಲ್ಲಿದ್ದಾಗ ಮಳೆಯ ಪಾಠದ ಹೆಸರು. ಈಗ ಅಲ್ಲಿ ಹೆಸರಿನ ಜಾಗ ಖಾಲಿ ಇತ್ತು. ಪಾಠವೇನೋ ನಡೆಯುತ್ತಿತ್ತು, ಹೆಸರಿರಲಿಲ್ಲ.

ಈ ಬುದ್ಧಿಗೆ ಓಡಿಸುವುದನ್ನು ಕಲಿಸಿದ್ದು ಹಳೆಯ ಕಾಲದ ಕಾರ್ ರೇಸಿನ ವಿಡಿಯೋ ಗೇಮುಗಳಿಂದ. ನಿಜವಾದ ಬೀದಿಯಲ್ಲಿ ಕಲಿಸಲು ಹೋದರೆ ಕಲಿಯುವಷ್ಟರಲ್ಲಿ ಎಷ್ಟು ಜೀವ ಹೋದಾವು? ಆಟದಲ್ಲಾದರೆ ಸಾವಿರ ಸಲ ಬೀಳಬಹುದು, ಗುದ್ದಬಹುದು, ಎದ್ದು ಮತ್ತೆ ಓಡಬಹುದು. ಅಂಗಡಿ ಮುಚ್ಚಿಕೊಂಡು ಹೋದ ಕಂಪನಿಗಳ ಹಳೆಯ ಆಟಗಳ ಮೇಲೆ ಹಕ್ಕು ಕೇಳುವವರೂ ಇರಲಿಲ್ಲ. ಒಂದೊಂದು ಡಿಸ್ಕನ್ನೂ ಇಡಿಯಾಗಿ ಆ ಬುದ್ಧಿಗೆ ಉಣಿಸಿದರು. ಮೊದಲು ಓಡುವುದನ್ನು ಕಲಿಸಿ, ಆಮೇಲೆ ಅದರ ಮೇಲೆ ಸಿಗ್ನಲ್ಲು, ದನ, ಮುದುಕರು, ಶಾಲೆಯ ನಿಲ್ದಾಣ ಎಲ್ಲವನ್ನೂ ಕಲಿಸಿದರು.

“ಹೆಸರಿಲ್ಲದ ಪಾಠ ಎಲ್ಲಿಂದ ಬಂತು?” ಎಂದು ಇನಾಂದಾರ್ ಮೇಡಂ ತಮಗೆ ತಾವೇ ಗೊಣಗುತ್ತ ಕೀಲಿಗಳನ್ನು ಕುಟ್ಟುತ್ತಿದ್ದರು. ಕೊನೆಗೆ ಪರದೆಯ ಮೇಲೆ ಒಂದು ಒರಟು ಚಿತ್ರ ಮೂಡಿತು. ಕೆಂಪು ನೆಲ, ಬೂದು ರಸ್ತೆ, ರಸ್ತೆಯ ಪಕ್ಕ ಸಾಲಾಗಿ ತಿರುಗುವ ಗಾಳಿಯಂತ್ರಗಳು. ‘ಗಾಳಿಓಟ’ ಎಂಬ ಹಳೆಯ ಆಟದ್ದು. ಆ ಆಟದ ಪಟ್ಟಿಯಲ್ಲಿ ಎಂಟು ಓಟದ ದಾರಿಗಳಿದ್ದವು. ಎಂಟರಲ್ಲಿ ಇದು ಇರಲಿಲ್ಲ.

ಯಾರೋ ಕಿಟಕಿಯಾಚೆ ನೋಡಿದರು, ಮತ್ತೆ ಪರದೆಯನ್ನು ನೋಡಿದರು. ಅದೇ ತಿರುವು, ಅದೇ ಸಾಲು.

*

ಆ ಆಟ ಮಾಡಿದವರಲ್ಲಿ ಬದುಕಿದ್ದು ಕೈಗೆ ಸಿಕ್ಕವರು ಒಬ್ಬರೇ. ಮಣಿಪಾಲದ ಕಡೆಯ ಸೂರ್ಯಕಾಂತ ಬಾಳಿಗಾ ಎಂಬ ವೃದ್ಧರು. ಫೋನಿನಲ್ಲಿ ಅವರ ದನಿ ಖುಷಿಯಿಂದ ಏರಿತು.

“ಗಾಳಿಓಟವಾ? ಅಯ್ಯೋ, ಅದನ್ನು ಈಗಲೂ ಆಡುವವರಿದ್ದಾರಾ? ಅದರಲ್ಲಿ ಬೆಟ್ಟದ ದಾರಿಯ ದೊಡ್ಡ ಬಂಡೆ ಉಂಟಲ್ಲ, ಅದರ ಹಿಂದೆ ನಮ್ಮ ನಾಯಿ ಕೂತಿದೆ, ನೋಡಿದ್ರಾ? ನಾನೇ ಗುಟ್ಟಾಗಿ ಇಟ್ಟದ್ದು. ಇಷ್ಟರವರೆಗೆ ಒಬ್ಬನೂ ನೋಡ್ಲಿಲ್ಲ ಮಾರಾಯ್ರೆ!”

“ಸರ್, ಅದರಾಗ ಫ್ಯಾನಿನ ಸಾಲಿನ ಒಂದು ದಾರಿ ಐತ್ರಿ. ಪಟ್ಟಿಯೊಳಗಿಲ್ಲ,” ಎಂದರು ಇನಾಂದಾರ್ ಮೇಡಂ.

“ಓ, ಅದು ಕೈಬಿಟ್ಟದ್ದು.”

“ಡಿಸ್ಕಿನೊಳಗ ಐತಲ್ರಿ?”

“ಇರ್ತದೆ. ಕೈಬಿಟ್ಟದ್ದು ಅಂದ್ರೆ ಬಾಗಿಲಿಗೆ ಗೋಡೆ ಕಟ್ಟಿದ್ದು ಅಷ್ಟೇ. ಕೋಣೆ ಒಳಗೆ ಹಾಗೇ ಉಂಟು. ಆಗೆಲ್ಲ ಒಂದರ ಪಕ್ಕ ಒಂದು ಅಂತ ಒತ್ತೊತ್ತಾಗಿ ಜೋಡಿಸಿದ್ದಲ್ವಾ? ನಡುವಿಂದ ಒಂದನ್ನು ಎಳೆದ್ರೆ ಉಳಿದದ್ದೆಲ್ಲ ಜಾರ್ತದೆ. ಕಾರು ಹಾಕಿದಲ್ಲಿ ಮರ ಬರ್ತದೆ, ಚಕ್ರ ಆಕಾಶದಲ್ಲಿ ತಿರುಗ್ತದೆ. ಹಾಗಾಗಿ ಯಾರೂ ಅಳಿಸ್ತಿರ್ಲಿಲ್ಲ. ಎಲ್ಲ ಆಟದಲ್ಲೂ ಇಂಥದ್ದು ಉಂಟು. ಆಡುವವನಿಗೆ ಕಾಣೂದಿಲ್ಲ, ಆಯ್ತಲ್ಲ.”

ಆಡುವವನಿಗೆ ಕಾಣುವುದಿಲ್ಲ. ಡಿಸ್ಕನ್ನು ಇಡಿಯಾಗಿ ನುಂಗಿದ ಬುದ್ಧಿಗೆ ಬಾಗಿಲೂ ಒಂದೇ, ಗೋಡೆಯೂ ಒಂದೇ. ಮುಚ್ಚಿದ ಕೋಣೆಯಲ್ಲಿದ್ದುದನ್ನೂ ಅದು ಕಲಿತು ಎಲ್ಲೋ ಮೂಲೆಯಲ್ಲಿ ಇಟ್ಟುಕೊಂಡಿತ್ತು. ಇವತ್ತು, ಇದೇ ರಸ್ತೆಯಲ್ಲಿ, ಆಷಾಢದ ಗಾಳಿಗೆ ಅಷ್ಟೂ ಯಂತ್ರಗಳು ಒಟ್ಟಿಗೆ ತಿರುಗುತ್ತಿದ್ದಾಗ ಅದಕ್ಕೆ ಆ ಕೋಣೆ ನೆನಪಾಗಿತ್ತು.

“ಆ ದಾರಿಯ ಮುಕ್ತಾಯದ ಗೆರೆ ಎಲ್ಲಿ ಐತ್ರಿ ಸರ್?”

“ಗೆರೆ ಹಾಕ್ಲೇ ಇಲ್ಲ. ಅಷ್ಟರಲ್ಲಿ ಆಟ ಅಂಗಡಿಗೆ ಹೋಗುವ ದಿನ ಬಂತು. ಅದಕ್ಕೇ ಕೈಬಿಟ್ಟದ್ದು.”

“ಮತ್ತ ಆ ಓಟ ಹೆಂಗ ಮುಗೀತಿತ್ರಿ?”

“ಮುಗೀತಿರ್ಲಿಲ್ಲ. ಓಡಿಸ್ತಾ ಇರುವುದು, ಬೇಜಾರಾದ್ರೆ ಸ್ವಿಚ್ ಆಫ್ ಮಾಡುವುದು.” ಬಾಳಿಗರು ನಕ್ಕರು. ಈ ಕಡೆ ಯಾರೂ ನಗದಿದ್ದುದನ್ನು ಗಮನಿಸಿ, “ಯಾಕೆ? ಎಂತ ಆಯ್ತು?” ಎಂದರು.

ನೀಲಗಂಗಾ ಫೋನಿನ ಹತ್ತಿರ ಬಾಗಿದಳು.

“ನನ್ನ ಮಗಳು ಅದರೊಳಗ ಅದಾಳ್ರಿ.”

*

ಸಹಾಯದ ಗುಂಡಿಯ ದೀಪ ಬಹಳ ಹೊತ್ತಿನಿಂದ ಮಿನುಗುತ್ತಿತ್ತು. ಉತ್ತರಿಸುವ ಕುರ್ಚಿಯಲ್ಲಿದ್ದ ಹುಡುಗಿ ಅಳುಮುಖ ಮಾಡಿಕೊಂಡು ಎದ್ದು ಜಾಗ ಕೊಟ್ಟಳು. ನೀಲಗಂಗಾ ಹೆಡ್‌ಫೋನು ಕಿವಿಗೆ ಹಾಕಿಕೊಂಡಳು. ಒಳಗಿನಿಂದ ಗದ್ದಲ, ಅಳು, ಯಾರದೋ ಬಿಕ್ಕಳಿಕೆ.

“ಪಾರೀ.”

ಗದ್ದಲ ನಿಂತಿತು. “ಯವ್ವಾ? ನೀ ಹೆಂಗ ಬಂದಿ?”

“ಆಫೀಸಿಗೆ ಬಂದೇನವ್ವಾ. ಎಲ್ಲಾರೂ ಬೆಲ್ಟ್ ಹಾಕ್ಕೊಂಡೀರೇನು?”

“ಹಾಕ್ಕೊಂಡೇವಿ. ಗುರುಪಾದ ಮಾತ್ರ ಒಲ್ಲೆ ಅಂತಾನ. ಅಂವಗ ಒಂದಕ್ಕ ಬಂದೈತಂತ.”

“ಸುಳ್ಳ ಹೇಳ್ತಾಳ್ರಿ ಅತ್ತೀ!” ಎಂದು ಒಂದನೇ ಇಯತ್ತೆಯ ಗುರುಪಾದನ ದನಿ ಕಿರುಚಿತು. “ಬಂದಿತ್ತು. ಈಗ ಇಲ್ಲ.”

ಯಾರೋ ನಕ್ಕರು. ಒಬ್ಬ ಹುಡುಗಿ, “ಯಪ್ಪಾ, ಸೀಟ ತೋದೈತಿ!” ಎಂದಳು. ಮತ್ತೆ ಎಲ್ಲರೂ ನಕ್ಕರು, ನಗುತ್ತ ನಗುತ್ತಲೇ ಯಾರೋ ಅಳಲು ಶುರುಮಾಡಿದರು.

“ಯವ್ವಾ, ಕಾಣದ ಕಾಕಾ ಯಾಕ ಶಾಲಿ ಬಿಟ್ಟು ಬಂದ?” ಬಂಡಿಯನ್ನು ಓಡಿಸುವ ಬುದ್ಧಿಗೆ ಮಕ್ಕಳಿಟ್ಟ ಹೆಸರು ಅದು. “ನಾವು ಎಷ್ಟ ಕರದ್ರೂ ಮಾತಾಡವಲ್ಲ.”

“ಅಂವಗ ದಾರಿ ತಪ್ಪೇತಿ. ನಾವು ಹೇಳಾಕತ್ತೇವಿ. ಮುಂದಿನ ಸುತ್ತಿಗೆ ನಿಂದರ್ತೈತಿ ನೋಡು.”

ಹೇಳಿದ ಮೇಲೆ ತಾನೇನು ಹೇಳಿದೆ ಎಂಬುದು ಅವಳಿಗೆ ಕೇಳಿಸಿತು. ಆದರೆ ಆ ಕಡೆ ಅಳು ಇಳಿದಿತ್ತು. “ಮುಂದಿನ ಸುತ್ತಿಗೆ ನಿಂದರ್ತೈತಂತ,” ಎಂದು ಪಾರಿ ಉಳಿದವರಿಗೆ ಹೇಳುತ್ತಿದ್ದಳು. ಅಮ್ಮನ ಮಾತನ್ನು ಅಷ್ಟೇ ಅಚ್ಚುಕಟ್ಟಾಗಿ, ಒಂದು ಅಕ್ಷರ ಬಿಡದೆ.

ಮುಂದಿನ ಸುತ್ತಿಗೆ ಏನಾದರೂ ಮಾಡಲೇಬೇಕಿತ್ತು. ಗಾಳಿಯಂತ್ರಗಳು ನಿಂತರೆ ಬಂಡಿಗೆ ಆ ದಾರಿ ಮರೆತೀತು ಎಂದು ಇನಾಂದಾರ್ ಮೇಡಂ ಅಂದರು. ನೀಲಗಂಗಾ ಗಂಡನಿಗೆ ಫೋನು ಮಾಡಿದಳು. ವೀರಭದ್ರ ಆ ಯಂತ್ರಗಳ ರೆಕ್ಕೆ ದುರಸ್ತಿ ಮಾಡುವವನು; ಆ ಹೊತ್ತಿಗೂ ಗುಡ್ಡದ ಮೇಲೆ, ಕಂಬದ ತುದಿಯಲ್ಲಿದ್ದ. ಅವನು ಒಂದೂ ಪ್ರಶ್ನೆ ಕೇಳದೆ ಯಾರಿಗೋ ಕೂಗಿ ಹೇಳಿದ, ಆ ಯಾರೋ ಇನ್ಯಾರಿಗೋ ಹೇಳಿದರು. ಒಂದೊಂದಾಗಿ ರೆಕ್ಕೆಗಳು ನಿಧಾನವಾದವು. ಅಷ್ಟು ಗಾಳಿಯಲ್ಲಿ ಅವು ನಿಂತದ್ದನ್ನು ಊರವರು ಎಂದೂ ಕಂಡಿರಲಿಲ್ಲ. ಮನೆಮನೆಯಿಂದ ಜನ ಹೊರಗೆ ಬಂದು ಗುಡ್ಡದ ಕಡೆ ನೋಡುತ್ತ ನಿಂತರು.

“ನಿಂತಾವ ನೀಲಾ,” ಎಂದ ವೀರಭದ್ರ. ಅವನ ಫೋನಿನಲ್ಲಿ ಗಾಳಿ ಹುಯ್ಯೆನ್ನುತ್ತಿತ್ತು. “ಬಂಡಿ ನಿಂತತೇನು?”

ಬಂಡಿ ಕಿಟಕಿಯ ಮುಂದೆ ಹಾದುಹೋಯಿತು.

“ಇಲ್ರಿ.”

“ಇಲ್ಲಿಂದ ಕಾಣಸ್ತೈತಿ. ಬಿಳೀ ಚುಕ್ಕಿ. ಪಾರಿ ಯಾವ ಕಡೆ ಕುಂತಾಳ?”

“ಹಿಂದಿನ ಗಾಜಿಗೆ.”

“ನಾ ಕೈ ಮಾಡಾಕತ್ತೇನಂತ ಹೇಳು ಆಕಿಗೆ,” ಎಂದವನೇ, “ಕಾಣಸೂದಿಲ್ಲ ಬಿಡು,” ಎಂದ.

ಓಟ ಒಮ್ಮೆ ಶುರುವಾದ ಮೇಲೆ ಅದಕ್ಕೆ ಗುಡ್ಡ, ಗಾಳಿ ಯಾವುದೂ ಬೇಕಿರಲಿಲ್ಲ ಎಂಬುದು ಆಗ ತಿಳಿಯಿತು. ಜೊತೆಗೆ ಇನ್ನೊಂದೂ ತಿಳಿಯಿತು. ಬಂಡಿಯ ವೇಗ ಸುತ್ತಿನಿಂದ ಸುತ್ತಿಗೆ ಸ್ವಲ್ಪ ಸ್ವಲ್ಪ ಏರುತ್ತಿತ್ತು.

“ಅದು ಒಂಟಿ ಓಟದ ಕ್ರಮ,” ಎಂದರು ಬಾಳಿಗರು. ಅವರು ಫೋನು ಇಟ್ಟಿರಲೇ ಇಲ್ಲ. ಅವರ ದನಿಯೀಗ ತೀರಾ ಮುದುಕರ ದನಿಯಾಗಿತ್ತು. “ಎದುರಾಳಿ ಇಲ್ಲದಾಗ ನಮ್ಮದೇ ಹಿಂದಿನ ಸುತ್ತಿನ ನೆರಳು ಮುಂದೆ ಓಡ್ತದೆ. ಅದನ್ನು ಹಿಂದೆ ಹಾಕ್ಬೇಕು. ಹಾಕಿದ್ರೆ ಆ ಸುತ್ತೇ ಹೊಸ ನೆರಳು. ಅದು ತನ್ನನ್ನೇ ಅಟ್ಟಿಸಿಕೊಂಡು ಹೋಗ್ತಾ ಉಂಟು.”

ಪೊಲೀಸರು ರಸ್ತೆಯನ್ನು ಖಾಲಿ ಮಾಡಿಸಿದರು. ಅಡ್ಡ ಏನಾದರೂ ಇಡೋಣ ಎಂದರೆ ಆ ವೇಗಕ್ಕೆ ಒಳಗಿನ ಮಕ್ಕಳ ಗತಿ? ಮೊಳೆ ಹಾಕಿ ಗಾಲಿಯ ಗಾಳಿ ತೆಗೆಯೋಣವೆಂದರೆ ಉರುಳಿದರೆ? ಅವರ ಸಾಹೇಬರು ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡು, ಮತ್ತೆ ಟೊಪ್ಪಿಗೆ ಹಾಕಿಕೊಂಡರು.

ಮುಕ್ತಾಯದ ಗೆರೆ ಇಲ್ಲದಿದ್ದರೇನು, ನಾವೇ ಹಾಕೋಣ ಎಂದು ಹೇಳಿದ್ದು ನೀಲಗಂಗಾಳೇ. ರಸ್ತೆ ಬದಿಯ ವಸ್ತಿಯ ಹೆಣ್ಣುಮಕ್ಕಳು ಸುಣ್ಣದ ಪುಡಿ, ರಂಗೋಲಿ ಹಿಟ್ಟು ಹಿಡಿದುಕೊಂಡು ಓಡಿ ಬಂದರು. ಆ ತುದಿಯಿಂದ ಈ ತುದಿಗೆ ಕಪ್ಪು ಬಿಳುಪಿನ ಚೌಕಗಳನ್ನು ಬಿಡಿಸಲು ಕುಕ್ಕರಗಾಲಲ್ಲಿ ಕುಳಿತರು. ಒಂದು ಸಾಲು ಮುಗಿಯುವುದರೊಳಗೆ ಗಾಳಿ ಮೊದಲ ಚೌಕವನ್ನು ಎತ್ತಿಕೊಂಡು ಹೋಗಿರುತ್ತಿತ್ತು. ಒಬ್ಬಾಕೆ ನೀರು ಚಿಮುಕಿಸಿದಳು. ಇನ್ನೊಬ್ಬಾಕೆ ಗಾಳಿಗೆ ಬೆನ್ನು ಕೊಟ್ಟು ಸೆರಗನ್ನು ಅಗಲಿಸಿ ನಿಂತು, “ಹಾಕವಾ, ಜಲ್ದಿ ಹಾಕು!” ಎಂದಳು. ಅಂತೂ ಗೆರೆ ಮೂಡಿತು. ಬಂಡಿ ಅದರ ಮೇಲೆ ಹಾದು ಹೋಯಿತು. ಅದರ ಹಿಂದೆ ಬಿಳಿಯ ಧೂಳು ಎದ್ದು, ಹೆಣ್ಣುಮಕ್ಕಳ ಮುಖದ ಮೇಲೆ ಕೂತಿತು.

ಆ ಆಟದ ಬೇರೆ ದಾರಿಗಳಲ್ಲಿ ಮುಕ್ತಾಯಕ್ಕೆ ಗೆರೆಯ ಜೊತೆ ಕಮಾನೂ ಇತ್ತೆಂದು ಬಾಳಿಗರು ನೆನಪು ಮಾಡಿಕೊಂಡರು. ಮದುವೆ ಚಪ್ಪರದವನು ತನ್ನ ಕಾಗದದ ಹೂವಿನ ಕಮಾನನ್ನು ತಂದು ರಸ್ತೆಗೆ ಅಡ್ಡಲಾಗಿ ನಿಲ್ಲಿಸಿದ. ಹತ್ತು ಜನ ಹಗ್ಗ ಹಿಡಿದು ಜೋತುಬಿದ್ದರು. ಸುಸ್ವಾಗತ ಎಂದು ಬರೆದಿದ್ದ ಅದರ ಕೆಳಗೂ ಬಂಡಿ ನುಸುಳಿಕೊಂಡು ಹೋಯಿತು.

“ಆ ದಾರಿಯಲ್ಲಿ ಮುಕ್ತಾಯ ಅನ್ನುವ ಜಾಗವೇ ಇಲ್ಲ ಅಮ್ಮ,” ಎಂದರು ಬಾಳಿಗರು. “ಹೊರಗಿಂದ ನೀವು ಎಂತ ಇಟ್ರೂ ಅದು ಹೋಗಿ ಕೂತುಕೊಳ್ಳುವ ಜಾಗ ಒಳಗೆ ಇಲ್ಲ. ನಾನೇ ಮಾಡ್ಲಿಲ್ಲ. ನನಗೆ... ನನಗೆ ಎಂತ ಹೇಳುವುದು ಗೊತ್ತಾಗುವುದಿಲ್ಲ.”

ಪ್ರತಿ ಸುತ್ತಿನಲ್ಲೂ ಬಂಡಿ ಕಿಟಕಿಯ ಮುಂದೆ ಬರುವ ಮೊದಲು ನೀಲಗಂಗಾ ಗುಂಡಿ ಒತ್ತುತ್ತಿದ್ದಳು. “ಪಾರೀ, ಗಟ್ಟಿ ಕೂಡವ್ವಾ. ಮುಂದಿನ ಸುತ್ತಿಗೆ ನಿಂದರ್ತೈತಿ.” ಮೊದಮೊದಲು ಪಾರಿ ಅದನ್ನು ಉಳಿದವರಿಗೆ ಹೇಳುತ್ತಿದ್ದಳು. ಆಮೇಲೆ “ಹ್ಞೂಂ” ಎಂದಷ್ಟೇ ಅಂದಳು. ತಿರುವಿನಲ್ಲಿ ಗಾಲಿಗಳು ಕಿರುಗುಟ್ಟುವುದು ಕಿವಿಯಲ್ಲಿ ಕೇಳತೊಡಗಿದ ಮೇಲೆ ಅವಳು ಏನೂ ಅನ್ನಲಿಲ್ಲ. ಗುರುಪಾದ ವಾಂತಿ ಮಾಡಿಕೊಂಡ. ಒಬ್ಬ ಹುಡುಗಿ ಮಗ್ಗಿ ಹೇಳುತ್ತಿದ್ದಳು, ಹನ್ನೆರಡರ ಮಗ್ಗಿ, ಮುಗಿಸಿ ಮತ್ತೆ ಮೊದಲಿನಿಂದ. ಕಿಟಕಿಯಾಚೆ ಹಾದುಹೋಗುವಾಗ ಮಕ್ಕಳ ಮುಖಗಳು ಒಂದರೊಳಗೊಂದು ಕಲಸಿಹೋಗಿ, ಯಾವುದು ಪಾರಿಯದು ಎಂದು ಅವಳಿಗೆ ಗುರುತು ಸಿಗದಂತಾಯಿತು.

“ಪಾರೀ, ಕೇಳಸ್ತೈತೇನವಾ? ಮುಂದಿನ ಸುತ್ತಿಗೆ...”

ಅವಳ ಕೈಯನ್ನು ಇನಾಂದಾರ್ ಮೇಡಂ ಹಿಡಿದುಕೊಂಡಿದ್ದರು. ಇಡೀ ದಾರಿಮನೆಯಲ್ಲಿ ಕೀಲಿಗಳನ್ನು ಕುಟ್ಟುವ ಸದ್ದು ನಿಂತುಹೋಗಿತ್ತು. ಕುಟ್ಟಲು ಏನೂ ಉಳಿದಿರಲಿಲ್ಲ.

ಆಗ ಬಂಡಿ ನಿಂತಿತು.

ಚಪ್ಪರದ ಕಮಾನಿನಿಂದ ತುಸು ಆಚೆ, ಯಾವ ಗುರುತೂ ಇಲ್ಲದ ಜಾಗದಲ್ಲಿ, ವೇಗ ಇಳಿಸಿ, ಎಡಕ್ಕೆ ಸರಿದು, ಮೆತ್ತಗೆ ನಿಂತು ಬಾಗಿಲು ತೆರೆಯಿತು. ಕಿವಿಯಲ್ಲಿ ಅದರ ದನಿ ಸ್ಪಷ್ಟವಾಗಿ ಕೇಳಿಸಿತು: “ನಿಮ್ಮ ನಿಲ್ದಾಣ ಬಂದಿದೆ. ನಿಧಾನವಾಗಿ ಇಳಿಯಿರಿ, ಮಕ್ಕಳೇ.”

ದಾರಿಮನೆಯಲ್ಲಿ ಎಲ್ಲರೂ ಕೂಗಿ ಚಪ್ಪಾಳೆ ತಟ್ಟಿದರು. ಯಾರು ಏನು ಮಾಡಿದ್ದಕ್ಕೆ ತಟ್ಟುತ್ತಿದ್ದೇವೆಂದು ಯಾರಿಗೂ ಗೊತ್ತಿರಲಿಲ್ಲ. ಆಟದ ಗಡಿಯಾರಕ್ಕೆ ಬಾಳಿಗರ ಕಾಲದವರು ಕೆಲವೇ ಅಂಕಿಗಳ ಜಾಗ ಇಟ್ಟಿದ್ದರು, ಆ ಅಂಕಿಗಳು ತುಂಬಿ ಸೊನ್ನೆಗೆ ತಿರುಗಿದಾಗ ಓಟ ತಾನಾಗಿಯೇ ಬಿದ್ದುಹೋಗಿತ್ತು ಎಂಬುದನ್ನು ಇನಾಂದಾರ್ ಮೇಡಂ ಮರುದಿನ ಕಂಡುಹಿಡಿದರು. ಇನ್ನೊಂದೆರಡು ಅಂಕಿಗೆ ಜಾಗ ಇಟ್ಟಿದ್ದರೆ ಏನಾಗುತ್ತಿತ್ತು ಎಂದು ಯಾರೂ ಲೆಕ್ಕ ಹಾಕಲು ಹೋಗಲಿಲ್ಲ.

*

ಪಾರಿ ಮನೆಗೆ ಬಂದು ಸ್ನಾನ ಮಾಡಿದಳು. ತಲೆಗೆ ನೀರು ಹಾಕಿಸಿಕೊಳ್ಳುವಾಗ ಎಂದಿನಂತೆ ಕಿರುಚಾಡಲಿಲ್ಲ. ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕಲಸಿ ಕೊಟ್ಟರೆ ತುತ್ತು ತುತ್ತಾಗಿ ಉಂಡಳು. ವೀರಭದ್ರ ಹೆಗಲ ಮೇಲೆ ಕೂರಿಸಿಕೊಂಡು ಅಂಗಳದಲ್ಲಿ ಓಡಾಡಿದ. “ನಾ ಕಂಬದ ಮ್ಯಾಲಿಂದ ಕೈ ಮಾಡಿದ್ದೆ, ನೋಡೀಯೇನು?” ಎಂದರೆ “ಹ್ಞೂಂ” ಎಂದಳು. ನೋಡಿರಲಿಕ್ಕೆ ಸಾಧ್ಯವಿಲ್ಲ ಎಂದು ಮೂವರಿಗೂ ಗೊತ್ತಿತ್ತು.

ಬಂದವರೆಲ್ಲ ಮಾತನಾಡಿಸಲು ನೋಡಿದರು. ಪಾರಿ ಅಮ್ಮನ ಮುಖವನ್ನು ನೋಡುತ್ತ ಕುಳಿತಳು. ನೀಲಗಂಗಾ ಒಲೆಯ ಕಡೆ ಹೋದರೆ ಒಲೆಯ ಕಡೆ, ಬಚ್ಚಲಿಗೆ ಹೋದರೆ ಬಚ್ಚಲ ಕಡೆ ಅವಳ ಕಣ್ಣು ಹಿಂಬಾಲಿಸುತ್ತಿತ್ತು. ಏನೋ ಕೇಳಲಿದ್ದಾಳೆ ಎಂದು ತಾಯಿಗೆ ಅನ್ನಿಸುತ್ತಿತ್ತು. ಹತ್ತಿರ ಹೋಗಿ, “ಏನವಾ?” ಎಂದರೆ, “ಏನಿಲ್ಲ” ಎನ್ನುತ್ತಿದ್ದಳು. ತುಟಿ ಮಾತ್ರ ಒಂದಿಷ್ಟು ಅಲುಗಿ ಸುಮ್ಮನಾಗುತ್ತಿತ್ತು.

ವಾರದ ಕೊನೆಗೆ ದಾರಿಮನೆಯಲ್ಲಿ ಸಭೆ ಸೇರಿತು. ಸೋಮವಾರದಿಂದ ಶಾಲೆಯ ಬಂಡಿಗಳು ಮತ್ತೆ ಓಡುತ್ತವೆ ಎಂದು ಮೇಲಿನಿಂದ ಬಂದ ಅಧಿಕಾರಿ ಹೇಳಿ ಹೋದರು. ನೀಲಗಂಗಾ ಎಲ್ಲರೂ ಹೋಗುವವರೆಗೆ ಕಾದು ಇನಾಂದಾರ್ ಮೇಡಂ ಬಳಿ ನಿಂತಳು.

“ಮೇಡಂ, ಆ ಪಾಠ ತಗದ್ರೇನ್ರಿ?”

ಮೇಡಂ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ಬುದ್ಧಿಯೊಳಗಿಂದ ಒಂದು ಪಾಠ ಕೀಳಾಕ ಬರೂದಿಲ್ಲ ನೀಲಕ್ಕಾ. ಎಲ್ಲಾ ಒಂದರಾಗೊಂದು ಹೆಣಕೊಂಡೈತಿ. ಅದನ್ನ ಎಳದ್ರ ಸಂತಿ ದಾರಿ ಮರೀಬಹುದು, ದನ ಅಡ್ಡ ಬಂದ್ರ ನಿಂದರೂದ ಮರೀಬಹುದು.”

“ಮತ್ತ ಏನ್ ಮಾಡೀರಿ?”

“ದಾರಿ ಮುಚ್ಚೇವಿ. ಆ ನೆನಪಿನ ಕಡೆ ಹೋಗದಂಗ ಗ್ವಾಡಿ ಕಟ್ಟೇವಿ.”

“ಆ ಮಣಿಪಾಲದ ಅಜ್ಜಾರು ಮಾಡಿದಂಗ.”

ಮೇಡಂ ಕನ್ನಡಕ ಮತ್ತೆ ಹಾಕಿಕೊಂಡು, “ಅದರಾಗ ನೂರಾರು ಹಳೇ ಆಟ ಅದಾವ,” ಎಂದರು. “ಒಂದೊಂದರಾಗ ಇಂಥವು ಎಷ್ಟು ಅದಾವ, ಎಲ್ಲೆಲ್ಲಿ ಅ‍ದಾವ, ಯಾರಿಗೂ ಗೊತ್ತಿಲ್ಲ. ಹುಡುಕಾಕತ್ತೇವಿ. ನನ್ನ ತಂಗಿ ಮಗನೂ ಅದ ಬಂಡ್ಯಾಗ ಹೋಗ್ತಾನ.”

ಬೇರೆ ದಾರಿ ಇದ್ದಿದ್ದರೆ ನೀಲಗಂಗಾ ಹಿಡಿಯುತ್ತಿದ್ದಳು. ಮನುಷ್ಯರು ಬಂಡಿ ಓಡಿಸುವುದು ನಿಂತು ವರ್ಷಗಳಾಗಿದ್ದವು. ವೀರಭದ್ರನ ಹಳೆಯ ಸ್ಕೂಟರಿನ ಮೇಲೆ ಈಗ ಕುಂಬಳದ ಬಳ್ಳಿ ಹಬ್ಬಿತ್ತು. ಶಾಲೆ ವರ್ತುಲ ರಸ್ತೆಯ ಆಚೆ, ನಡೆದು ಹೋಗುವ ದೂರವಲ್ಲ. ಓಣಿಯ ತಾಯಂದಿರೆಲ್ಲ ಭಾನುವಾರ ಅವಳ ಕಟ್ಟೆಯ ಮೇಲೆ ಬಂದು ಕುಳಿತಿದ್ದರು. “ನೀ ಅಲ್ಲೇ ಕೆಲಸಾ ಮಾಡಾಕಿ. ನೀ ಹೇಳಬೇಕ ನಮಗ. ಕಳಸೂದೋ ಬ್ಯಾಡೋ?” ಎಂದು ಗುರುಪಾದನ ತಾಯಿ ಕೇಳಿದ್ದಳು. ನೀಲಗಂಗಾ ಬಾಯಿ ತೆರೆದಿದ್ದಳು. “ದಾರಿ ಮುಚ್ಯಾರಂತ,” ಎಂದಿದ್ದಳು. ಅವರು ತಲೆಯಾಡಿಸಿ, “ಹಂಗಾದ್ರ ಕಳಸೂನು, ಮತ್ತೇನ್ ಮಾಡೂದು,” ಎನ್ನುತ್ತ ಎದ್ದು ಹೋಗಿದ್ದರು. ಬಾಗಿಲ ಮರೆಯಲ್ಲಿ ಪಾರಿ ನಿಂತಿದ್ದದ್ದು ಅವರು ಹೋದ ಮೇಲೆ ಕಂಡಿತು.

*

ಸೋಮವಾರ ಮುಂಜಾನೆ ಜಡೆ ಹೆಣೆಯುವಾಗ ಪಾರಿ ಕನ್ನಡಿಯಲ್ಲಿ ಅಮ್ಮನನ್ನೇ ನೋಡುತ್ತಿದ್ದಳು. ಬೂಟಿನ ಲಾಡಿ ತಾನೇ ಕಟ್ಟಿಕೊಂಡಳು. ಡಬ್ಬಿಯಲ್ಲಿ ಏನಿದೆ ಎಂದು ಕೇಳಲಿಲ್ಲ. ಹೊರಗೆ ಗಾಳಿ ಬೀಸುತ್ತಿತ್ತು. ಗುಡ್ಡದ ಮೇಲೆ ಅಷ್ಟೂ ರೆಕ್ಕೆಗಳು ತಿರುಗುತ್ತಿದ್ದವು.

ಬಂಡಿ ಹೇಳಿದ ಹೊತ್ತಿಗೆ ಬಂದು ಬಾಗಿಲ ಮುಂದೆ ನಿಂತಿತು. ತೊಳೆದು ಬೆಳ್ಳಗೆ ಮಾಡಿದ್ದರು. ಒಳಗೆ ಗುರುಪಾದ ಆಗಲೇ ಕುಳಿತಿದ್ದ, ಮಡಿಲಲ್ಲಿ ಒಂದು ಟವೆಲ್ಲು. ಅವನ ತಾಯಿ ಕಟ್ಟಿಕೊಟ್ಟಿರಬೇಕು. ಬಾಗಿಲು ತೆರೆದುಕೊಂಡು, “ಶುಭೋದಯ ಪಾರಿಜಾತಾ,” ಎಂದಿತು ಕಾಣದ ಕಾಕಾನ ದನಿ.

ಪಾರಿ ಹತ್ತಲಿಲ್ಲ. ಅಮ್ಮನ ಕೈ ಬಿಡಲೂ ಇಲ್ಲ.

ನೀಲಗಂಗಾ ಮಗಳ ಎದುರು ಕುಕ್ಕರಿಸಿದಳು. ಕಾಲರು ಸರಿಮಾಡಿದಳು, ಸರಿಯಾಗಿಯೇ ಇದ್ದ ಕಾಲರನ್ನು.

“ಹೋಗಿ ಬಾ ನನ್ನವ್ವಾ. ಅಂವ ಇನ್ನ ಆ ದಾರಿಗೆ ಹೋಗೂದಿಲ್ಲ. ಎಲ್ಲಾ ಸರಿ ಮಾಡ್ಯಾರ. ಶಾಲಿ ಮುಂದ ಬರೋಬ್ಬರಿ ನಿಂದರ್ತೈತಿ ನೋಡು.”

ಪಾರಿ ಅವಳ ಬಾಯಿಯನ್ನು ನೋಡುತ್ತಿದ್ದಳು. ಮಾತು ಬಂದ ಜಾಗವನ್ನೇ ನೋಡುವಂತೆ. ನಾಲ್ಕು ದಿನದಿಂದ ಅಲುಗಿ ಅಲುಗಿ ಸುಮ್ಮನಾಗುತ್ತಿದ್ದ ತುಟಿ ಕೊನೆಗೂ ಬಿಚ್ಚಿತು. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಉಳಿದ ಮಕ್ಕಳಿಗೆ ಕೇಳಿಸದಿರಲೆಂದು ಅವಳು ತಾಯಿಯ ಕಿವಿಯ ಹತ್ತಿರ ಬಂದು, ಆದರೂ ಗಟ್ಟಿಯಾಗಿಯೇ ಕೇಳಿದಳು:

“ಯವ್ವಾ, ಇದು ನಿನಗ ಖರೇನ ಗೊತ್ತೈತೇನು? ಇಲ್ಲಾ, ಅವತ್ತ ಪ್ರತೀ ಸುತ್ತಿಗೂ ಹೇಳಿದ್ಯಲ್ಲ, ಹಂಗ ಹೇಳಾಕತ್ತೀಯೇನು?”